ಹತ್ತದ ಹಸಿರು ದೀಪ

ನಮ್ಮ ಮನೆಯ ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕ, ಒಂದು ಹಸಿರು ದೀಪ ಇದೆ. ಕಡಲೆಕಾಳಿನಷ್ಟು ದೊಡ್ಡದು, ಕೆಳಗೆ ತಂತಿಯ ಎರಡು ಕಾಲು. ಅದು ಹತ್ತುವುದಿಲ್ಲ. ಹತ್ತಿಸುವ ವಿಚಾರ ನಮಗೂ ಇಲ್ಲ. ನೋಡಿದವರು ಯಾವುದೋ ಕ್ಷೇತ್ರದಿಂದ ತಂದದ್ದಿರಬೇಕು ಅಂದುಕೊಳ್ಳುತ್ತಾರೆ. ಮೊನ್ನೆ ಹುನಗುಂದದಿಂದ ಬಂದಿದ್ದ ಬೀಗಿತ್ತಿಯಂತೂ ಅದನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡೇ ಬಿಟ್ಟರು. ನಾನು ತಡೆಯಲು ಹೋಗಲಿಲ್ಲ. ದಿನಾ ಬೆಳಿಗ್ಗೆ ನಾನೇ ಅದಕ್ಕೂ ಸೇರಿಸಿ ಶರಣು ಹೇಳುವಾಗ ಬೀಗಿತ್ತಿಯನ್ನು ತಡೆಯುವುದು ಯಾವ ನ್ಯಾಯ?

ಇದರ ಕತೆ ಹೇಳಬೇಕೆಂದರೆ ಮೊದಲು ನಮ್ಮ ಯಜಮಾನರ ಕಿವಿಯ ಮಾತು ಹೇಳಬೇಕು.

ಇಳಕಲ್ಲಿನಲ್ಲಿ ನಮ್ಮದು ಕುಣಿಮಗ್ಗದ ಮನೆ. ಪಡಸಾಲೆಯ ನೆಲ ತೋಡಿ ಮಗ್ಗ ಕೂಡಿಸಿದ್ದಾರೆ. ಯಜಮಾನರು ಕುಣಿಯಲ್ಲಿ ಕಾಲು ಇಳಿಬಿಟ್ಟು, ನೆಲದ ಮಟ್ಟಕ್ಕೆ ಕೂತು ಸೀರೆ ನೇಯುತ್ತಾರೆ. ಅವರ ಬೆನ್ನಿಗೆ ಗೋಡೆ, ಗೋಡೆಯ ಆಚೆ ನನ್ನ ಅಡುಗೆಮನೆ. ನಡುವೆ ಬಾಗಿಲಿಲ್ಲ, ನಡುಮನೆ ಸುತ್ತಿ ಬರಬೇಕು. ಹೀಗೆ ಬೆನ್ನಿಗೆ ಬೆನ್ನು ಹಚ್ಚಿಕೊಂಡೇ ನಮ್ಮ ಸಂಸಾರ ನಡೆದಿದೆ. ಒಬ್ಬರ ಮುಖ ಒಬ್ಬರಿಗೆ ಕಾಣದಿದ್ದದ್ದೂ ಜಗಳ ಕಡಿಮೆ ಇರಲು ಒಂದು ಕಾರಣ ಎಂದು ನನ್ನ ಲೆಕ್ಕ.

ಹರೆಯದಲ್ಲಿ ಅವರು ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದರು. ಅಲ್ಲಿಯ ಸಪ್ಪಳ ಎಂಥದ್ದೆಂದರೆ ಮಗ್ಗುಲಲ್ಲಿ ನಿಂತವರ ಜೊತೆಗೂ ಕೈಸನ್ನೆಯಲ್ಲೇ ಮಾತು. ಆಮೇಲೆ ಮನೆಯ ಮಗ್ಗಕ್ಕೆ ಬಂದರು, ಆದರೆ ಕಿವಿಯ ಒಂದಿಷ್ಟು ಭಾಗ ಶೆಡ್ಡಿನಲ್ಲೇ ಉಳಿದುಬಿಟ್ಟಿತ್ತು. ಮೊದಮೊದಲು ನಮಗೆ ಗೊತ್ತಾಗಲಿಲ್ಲ. ನಾನು ಒಂದು ಕೇಳಿದರೆ ಅವರು ಇನ್ನೊಂದು ಹೇಳುತ್ತಿದ್ದರು. ಗಂಡಸರು ಹಾಗೇ ಅಲ್ಲವೇ ಎಂದು ನಾನೂ ಬಿಟ್ಟಿದ್ದೆ.

ಗೊತ್ತಾದದ್ದು ಸೀರೆಯಿಂದ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಎನ್ನುತ್ತೇವೆ. ನೇಯುವಾಗ ಅದರಲ್ಲೊಂದು ಎಳೆ ಹರಿದರೆ ‘ಚಟ್’ ಎಂದು ಬಲು ಸಣ್ಣ ಸಪ್ಪಳ ಬರುತ್ತದೆ. ನೇಕಾರನ ಕಿವಿ ಅದನ್ನು ಹಿಡಿಯುತ್ತದೆ, ಕೈ ನಿಲ್ಲುತ್ತದೆ, ಎಳೆ ಹುಡುಕಿ ಗಂಟು ಹಾಕಿ ಮುಂದೆ ಸಾಗುತ್ತಾನೆ. ಕಿವಿ ಹಿಡಿಯದಿದ್ದರೆ ಸೀರೆಯ ಒಡಲಿನಲ್ಲಿ ಒಂದು ಗೆರೆ ಬೀಳುತ್ತದೆ, ತಲೆಯ ಬೈತಲೆಯ ಹಾಗೆ. ಮುತ್ತೈದೆಯ ತಲೆಯಲ್ಲಿ ಬೈತಲೆ ಚೆಂದ, ಸೀರೆಯಲ್ಲಿ ಅಲ್ಲ.

ಒಂದು ಸೀರೆ ಹಿಂದೆ ಬಂತು. ಸ್ವಲ್ಪ ದಿನಕ್ಕೆ ಇನ್ನೊಂದು. ಆಗ ನಮಗೆ ಹಾಸು ಕೊಡುವ ಸಾವಕಾರರು ತಾವೇ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಎದುರಿಗೆ ಹೇಳಲಾರದೆ ಚಹಾ ಆರಿಸುತ್ತ ಕೂತರು.

“ತಪ್ಪು ತಿಳೀಬ್ಯಾಡ್ರಿ. ನಿಮ್ಮ ಕೈ ಬಗ್ಗೆ ನಾ ಮಾತಾಡಾಕ ಹತ್ತಿಲ್ಲ. ಆದ್ರ ಈ ಹಾಸಿನ್ಯಾಗ ಮತ್ತೊಂದು ಸೀರಿ ಹಿಂಗ ಬಂದ್ರ, ಮುಂದಿನ ಹಾಸು ಬ್ಯಾರೆದವರಿಗೆ ಕೊಡಬೇಕಾಕ್ಕತಿ.”

“ಏನಂದ್ರಿ?” ಎಂದರು ಯಜಮಾನರು.

ಪಾಪ, ಸಾವಕಾರರು ಆ ಮಾತನ್ನು ಎರಡನೇ ಸಲ ಗಟ್ಟಿಯಾಗಿ ಹೇಳಬೇಕಾಯಿತು. ಓಣಿಗೆಲ್ಲ ಕೇಳಿಸಿತು.

ನನ್ನದೊಂದು ರೂಢಿ ಇದೆ. ಸಂಜೆ ದೀಪ ಹಚ್ಚುವಾಗ, ಆ ದಿನ ಶಿವ ಮಾಡಿದ ಸಣ್ಣಸಣ್ಣ ಉಪಕಾರಗಳನ್ನು ಬೆರಳಿನ ಗೆರೆಗಳ ಮೇಲೆ ಎಣಿಸುತ್ತೇನೆ. ಹಾಲು ಒಡೆಯಲಿಲ್ಲ. ಬಾಗಲಕೋಟೆ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ರೊಟ್ಟಿ ಒಂದೂ ಹರಿಯಲಿಲ್ಲ. ಈ ಎಣಿಕೆಯಲ್ಲಿ ತಪ್ಪದೆ ಬರುತ್ತಿದ್ದ ಒಂದು ಉಪಕಾರವೆಂದರೆ, ನನ್ನ ಗಂಡನನ್ನು ನಾನು ಊಟಕ್ಕೆ ಕರೆಯಬೇಕಾಗಿರಲಿಲ್ಲ. ಮಗ್ಗುಲ ಮನೆಯ ನೀಲವ್ವ ಮಾತ್ರ ತನ್ನ ಗಂಡನನ್ನು ಮಗ್ಗದಿಂದ ಎಬ್ಬಿಸಲು ಹೊತ್ತುಹೊತ್ತಿಗೂ ಗಂಟಲು ಹರಿದುಕೊಳ್ಳುತ್ತಾಳೆ. ನಮ್ಮವರು ಹಾಗಲ್ಲ. ಸಾರು ಕುದ್ದು ಇಳಿಯುವುದಕ್ಕೂ ಅವರು ಕೈಕಾಲು ತೊಳೆದು ಬರುವುದಕ್ಕೂ ಸರಿ ಹೋಗುತ್ತದೆ. “ನಮ್ಮವರ ಹೊಟ್ಟಿ ಗಡಿಯಾರ ನೋಡವ್ವಾ” ಎಂದು ನೀಲವ್ವನ ಮುಂದೆ ಎಷ್ಟು ಸಲ ಬೀಗಿದ್ದೇನೋ. ಸಾವಕಾರರು ಬಂದು ಹೋದ ಸಂಜೆ ಮಾತ್ರ ಎಣಿಸಲು ಒಂದೂ ಸಿಗದೆ ಮಡಚಿದ ಬೆರಳು ಮಡಚಿದಂತೆಯೇ ಉಳಿಯಿತು. ಕುಣಿಯಲ್ಲಿ ಕಾಲು ಇಳಿಬಿಡದ ನನ್ನ ಗಂಡ ಎಂಥವನಿದ್ದಾನು ಎಂದು ಯೋಚಿಸಲೂ ನನಗೆ ಬರಲಿಲ್ಲ.

ಆ ಹೊತ್ತಿಗೆ ಬಂದವಳು ಅಕ್ಷತಾ, ನನ್ನ ಅಣ್ಣನ ಮಗಳು. ಬಾಗಲಕೋಟೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಾಳೆ. ಏನು ಸಂಶೋಧನೆ ಎಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ‘ಸಪ್ಪಳದ್ದು’ ಎಂದಷ್ಟೇ ಅಣ್ಣ ಹೇಳುತ್ತಿದ್ದ, ಸಪ್ಪಗಿನ ಮುಖ ಮಾಡಿ. ಸೀರೆಯ ಸುದ್ದಿ ಕೇಳಿ ಅವಳು ಅಂಗಿಯ ಗುಂಡಿಯಷ್ಟಿರುವ ಮೈಕು, ಕಡ್ಡಿಪೆಟ್ಟಿಗೆಯಷ್ಟಿರುವ ಒಂದು ಡಬ್ಬಿ, ತನ್ನ ಲ್ಯಾಪ್‌ಟಾಪು ಹಿಡಿದುಕೊಂಡು ಬಂದಳು.

“ಮಾಮಾ, ನಿಮ್ಮ ಕಿವೀಗೆ ನಾ ಏನೂ ಮಾಡಂಗಿಲ್ರಿ. ಮಗ್ಗಕ್ಕ ಒಂದು ಕಿವಿ ಹಚ್ತೇನಿ. ಎಳಿ ಕಡದ ಕೂಡ್ಲೆ ನಿಮ್ಮ ಕಣ್ಣ ಮುಂದ ಕೆಂಪು ದೀಪ ಹತ್ತಬೇಕು, ಅಷ್ಟ.”

“ನನಗೇನು ಕಿವಿ ಕೇಳಸಂಗಿಲ್ಲ ಅಂತ ಯಾರು ಹೇಳ್ಯಾರ?” ಎಂದರು ಯಜಮಾನರು. ಅದೂ, ಅವಳು ಹೇಳಿದ್ದು ಏನು ಎಂದು ನನ್ನಿಂದ ಎರಡು ಸಲ ಕೇಳಿ ತಿಳಿದುಕೊಂಡ ಮೇಲೆ.

ಮೈಕನ್ನು ಅವರ ಬೆನ್ನ ಹಿಂದಿನ ಗೋಡೆಯ ಮೊಳೆಗೆ ಕಟ್ಟಿದಳು. ಒಂದು ವಾರ ಮಗ್ಗದ ಸಪ್ಪಳವೆಲ್ಲ ಅದರೊಳಗೆ ತುಂಬಿತು. ಆಮೇಲೆ ಅವಳು ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟು, ಶೇಂಗಾ ಜಗಿಯುತ್ತ ಕೆಲಸಕ್ಕೆ ಕೂತಳು.

“ಈಗ ಏನು ಮಾಡಾಕತ್ತಿ?” ಎಂದೆ.

“ಡಿಕ್ಷನರಿ ಮಾಡಾಕತ್ತೇನ್ರಿ ಅತ್ತಿ. ಸಪ್ಪಳದ್ದು. ನೋಡ್ರಿ, ಒಂದು ದಿನದ ಸಪ್ಪಳ ಅಂದ್ರ ದೊಡ್ಡ ಗುಡ್ಡ ಇದ್ದಂಗ. ಆದ್ರ ಅದರೊಳಗ ಖರೆ ಇರೂದು ನಾಲ್ಕೈದು ಸಣ್ಣ ತುಣುಕು. ಅವ ಅವ ತಿರುಗಿ ತಿರುಗಿ ಬರ್ತಾವ. ಯಾವ ತುಣುಕು, ಯಾವಾಗ ಬಂತು, ಎಷ್ಟು ಜೋರಲೆ ಬಂತು, ಇಷ್ಟು ಬರಕೊಂಡ್ರ ಗುಡ್ಡ ಪೂರಾ ಹೇಳಿದಂಗ. ಉಳಿದ ಜಾಗಾ ಎಲ್ಲಾ ಖಾಲಿ.”

“ಆ ತುಣುಕು ಯಾವು ಅಂತ ನೀ ಹೇಳಿಕೊಡ್ತಿ ಏನು ಅದಕ್ಕ?”

“ಇಲ್ರಿ, ಅದ ತಾನ ಕಲೀತೈತಿ. ಮೊದಲ ಸುಮ್ಮನ ಏನರ ಒಂದು ಹಿಡಕೊಂತೈತಿ. ಎಲ್ಲೆಲ್ಲಿ ಹೊಂದತೈತಿ ನೋಡಿ, ಹೊಂದಿದಂಗ ತಿದ್ದಕೊಂತೈತಿ. ಹೊಂದಿದ್ದನ್ನ ತಗದು, ಉಳಿದಿದ್ದರಾಗ ಮತ್ತ ಹುಡುಕತೈತಿ.”

ನನಗೆ ನಗು ಬಂತು. ಇದನ್ನು ಕಲಿಸಲು ಕಾಲೇಜು ಬೇಕೆ? ನಮ್ಮ ಅವ್ವ ಇದನ್ನೇ ನಾಲಿಗೆಯಿಂದ ಮಾಡುತ್ತಿದ್ದಳು.

ಗುಳೇದಗುಡ್ಡದ ನನ್ನ ತವರಿನಲ್ಲಿ ಅವ್ವನಿಗೆ ಚಟ್ನಿಪುಡಿಯ ಹುಚ್ಚು. ಯಾರದಾದರೂ ಮದುವೆಗೆ ಹೋದರೆ ಒಂದು ಚಿಟಿಕೆ ಚಟ್ನಿಪುಡಿ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡೇ ಬರುತ್ತಿದ್ದಳು. ಮನೆಗೆ ಬಂದು ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಇಟ್ಟುಕೊಂಡು ನಮಗೆಲ್ಲ ಕೇಳುವಂತೆ ವಿಚಾರಣೆ ನಡೆಸುವಳು. “ಮೊದಲ ಬಳ್ಳೊಳ್ಳಿ. ಭಾಳ ಹಾಕ್ಯಾರ. ಬಳ್ಳೊಳ್ಳಿ ತಗದ ಬಿಡ್ರಿ, ಏನು ಉಳೀತು? ಒಣಕೊಬ್ರಿ. ಅದನ್ನೂ ತಗೀರಿ. ಜೀರಗಿ ಐತಿ, ಕೈ ಬಿಗಿ ಮಾಡ್ಯಾರ. ಅದೂ ಹೋತು. ಇಷ್ಟು ತಗದ ಮ್ಯಾಲೂ ಹಿಂದ ಯಾವುದೋ ಒಂದು ನಿಂತೈತಿ ನೋಡ್ರಿ...” ಆ ಹಿಂದೆ ನಿಂತದ್ದು ಗೊತ್ತಾಗುವ ತನಕ ನಮಗೆ ಊಟ ಇಲ್ಲ. ಒಮ್ಮೆ ಬದಾಮಿಯ ಕಡೆಯ ಒಂದು ಪುಡಿ ಅವಳನ್ನು ಮೂರು ಸಂಜೆ ಕಾಡಿತು. ಕಡೆಗೆ ಬಟ್ಟೆ ಒಗೆಯುತ್ತಿದ್ದವಳು ಕಲ್ಲಿನ ಮೇಲಿಂದ ಎದ್ದು ನಿಂತು “ಕರಿಬೇವು! ಹುರಿದಿಲ್ಲ, ನೆರಳಾಗ ಒಣಗಿಸ್ಯಾರ!” ಎಂದು ಕೂಗಿದಳು. ಆಚೆಯ ಕಲ್ಲಿನವರು ಹೆದರಿ ನೀರಿಗೆ ಬಿದ್ದರು ಎಂದು ಅಣ್ಣ ಈಗಲೂ ಹೇಳುತ್ತಾನೆ. ಅದು ಅವನು ಸೇರಿಸಿದ್ದು.

ಅಕ್ಷತಾಳಿಗೆ ಅಜ್ಜಿಯ ಈ ಸಂಗತಿ ಹೇಳಿದೆ. “ಹೌದ್ರಿ ಅತ್ತಿ, ಅದ ಲೆಕ್ಕ” ಎಂದು ಕುಣಿದಾಡಿದಳು. “ಆದ್ರ ಇದರಾಗ ಇನ್ನೊಂದು ಫಜೀತಿ ಐತಿ. ಸಪ್ಪಳ ಇಂಥಾ ಹೊತ್ತಿಗ ಬರ್ತೈತಿ ಅಂತ ಇಲ್ಲ. ಅದ ಲಾಳಿ ಸಪ್ಪಳ, ಒಂದು ಕೂದಲೆಳಿಯಷ್ಟು ತಡಾ ಆಗಿ ಬಂದ್ರ, ಸಾದಾ ಡಿಕ್ಷನರಿ ಇದು ಬ್ಯಾರೆ ಸಪ್ಪಳ ಅಂತೈತಿ. ಸರಿದ ಜಾಗಕ್ಕೊಂದು ಹೊಸಾ ಶಬ್ದ. ನಂದು ಹಂಗಲ್ಲ. ಎಲ್ಲಿ ಸರಿದ್ರೂ ಗುರುತು ಹಿಡೀತೈತಿ.”

ಇದೂ ನನಗೆ ಹೊಸತಲ್ಲ, ನನ್ನ ಮೇಲೆಯೇ ಆದದ್ದು. ಹೊಸ ಸೊಸೆಯಾಗಿ ಈ ಮನೆಗೆ ಬಂದಾಗ ಉಪ್ಪಿನ ಡಬ್ಬಿ ಒಲೆಯ ಬಲಕ್ಕೆ ಎರಡನೆಯದು ಎಂದು ಕಲಿತಿದ್ದೆ. ಅತ್ತೆಯವರು ಒಂದು ದಿನ ಕಟ್ಟೆ ಒರೆಸುವಾಗ ಅದನ್ನು ಒಂದು ಗೇಣು ಈಚೆ ಸರಿಸಿದರು. ಎರಡನೇ ಜಾಗದಲ್ಲಿದ್ದ ಸಕ್ಕರೆಯನ್ನು ನಾನು ಭಕ್ತಿಯಿಂದ ಬೇಳೆಗೆ ಹಾಕಿದೆ. ಉಪ್ಪನ್ನು ಗುರುತಿಸುವುದು ಕಲಿತಿರಲಿಲ್ಲ, ಜಾಗವನ್ನಷ್ಟೇ ಕಲಿತಿದ್ದೆ. ಅತ್ತೆಯವರು ಒಂದೂ ಮಾತಾಡದೆ ಆ ಬೇಳೆ ಉಂಡರು. ಅವರ ಆ ಸುಮ್ಮನಿರುವಿಕೆ ಇವತ್ತಿಗೂ ನನ್ನ ಉಪಕಾರಗಳ ಎಣಿಕೆಯಲ್ಲಿ ಆಗಾಗ ಬರುತ್ತದೆ.

ಇರಲಿ. ಅಕ್ಷತಾಳ ಯಂತ್ರ ಐದು ತುಣುಕು ಕಲಿತಿತು. ಒಂದೊಂದನ್ನೇ ನಮಗೆ ಕೇಳಿಸಿದಳು. ‘ಧಡ್’, ಕಾಲಿನಿಂದ ಹಲಗೆ ತುಳಿಯುವುದು. ‘ಸರ್ರ್’, ಹೊಕ್ಕು ಎನ್ನುವ ಅಡ್ಡ ಎಳೆಯನ್ನು ಹೊತ್ತು ಲಾಳಿ ಓಡುವುದು. ‘ಧಪ್’, ಹೊಕ್ಕಿನ ಎಳೆಯನ್ನು ಹಣಿಗೆಯಿಂದ ಬಡಿದು ಕೂಡಿಸುವುದು. ‘ಕಿರ್ರ್’, ನೇಯ್ದ ಸೀರೆಯನ್ನು ಸುತ್ತಿಕೊಳ್ಳುವುದು. ಐದನೆಯದು ಮಾತ್ರ ಯಾವುದೆಂದು ತಿಳಿಯಲಿಲ್ಲ. ‘ಠುಕ್ ಠುಕ್’, ಒಂದು ಉಸಿರು ಬಿಟ್ಟು ಮತ್ತೆ ‘ಠುಕ್’. ಮಂದ ಸಪ್ಪಳ, ದೂರದಿಂದ ಬಂದ ಹಾಗೆ.

“ಇದು ಬಂದ ಮ್ಯಾಲ ಪ್ರತಿ ಸಲಾ ಏನಾಕ್ಕತಿ ಗೊತ್ತೈತೇನ್ರಿ?” ಎಂದಳು ಅಕ್ಷತಾ, ಗುಟ್ಟು ಹೇಳುವವಳ ಹಾಗೆ. “ಚೂರು ಹೊತ್ತಿಗೆ ಮಗ್ಗ ನಿಲ್ತೈತಿ. ಒಂದು ಸಲಾನೂ ತಪ್ಪಿಲ್ಲ.”

ಯಾವ ಸಪ್ಪಳ ಬಂದರೆ ನೇಕಾರ ಮಗ್ಗ ನಿಲ್ಲಿಸುತ್ತಾನೆ? ಎಳೆ ಹರಿದ ಸಪ್ಪಳ. ಇದಕ್ಕಿಂತ ನೆಟ್ಟಗಿನ ತರ್ಕ ಯಾವುದಿದೆ? ಆದರೂ ಖಾತ್ರಿಗೆಂದು ಯಜಮಾನರ ಕಿವಿಯ ಹತ್ತಿರ ಹಿಡಿದು ಕೇಳಿಸಿದಳು. ಅವರ ಮುಖ ಅರಳಿತು.

“ಇದು ನನಗ ಗೊತ್ತೈತಿ! ಇದು ಬಂತಂದ್ರ ನನ್ನ ಕೈ ತಾನ ನಿಲ್ತೈತಿ. ಎಳಿ ಕಡದ ಸಪ್ಪಳ ಇದು. ಕೇಳಸಂಗಿಲ್ಲ ಅಂತಿದ್ರಿ, ಈಗ ಏನಂತೀರಿ?”

ನಾನೂ ಸುಮ್ಮನಿರಲಿಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿ ಮಗ್ಗದ ಮನೆಗೆ ಬಂದವಳು. “ಹೌದವ್ವಾ, ಇದ ಸಪ್ಪಳ. ನಾನೂ ಸಣ್ಣಾಕಿ ಇದ್ದಾಗಿಂದ ಕೇಳೇನಿ” ಎಂದು ಸಾಕ್ಷಿ ಹೇಳಿದೆ. ಸುಳ್ಳು ಹೇಳಲಿಲ್ಲ. ಸಣ್ಣವಳಿದ್ದಾಗಿಂದ ಕೇಳಿದ್ದು ನಿಜವೇ ಆಗಿತ್ತು.

ಮಗ್ಗದ ಚೌಕಟ್ಟಿಗೆ ಕೆಂಪು ದೀಪ ಕೂಡಿಸಿದಳು. ಮೊದಲ ದಿನ ಮಧ್ಯಾಹ್ನ ಅದು ಹತ್ತಿತು. ಯಜಮಾನರು ಮಗ್ಗ ನಿಲ್ಲಿಸಿ ಹಾಸಿನ ತುಂಬ ಬೆರಳಾಡಿಸಿದರು, ಹರಿದ ಎಳೆ ಸಿಗಲಿಲ್ಲ. ‘ಹರೀಬೇಕಂದಿತ್ತು, ಹರೀಲಿಲ್ಲ’ ಎಂದುಕೊಂಡು ಹೇಗೂ ಎದ್ದಾಯಿತೆಂದು ಊಟಕ್ಕೆ ಬಂದರು. ನಾಲ್ಕು ಗಂಟೆಗೆ ಮತ್ತೆ ಹತ್ತಿತು. ಆಗಲೂ ಎಳೆ ನೆಟ್ಟಗಿತ್ತು. ಚಹಾಕ್ಕೆ ಬಂದರು.

ಇದರ ನಡುವೆ ನಾನೊಂದು ಸಂಗತಿ ಕಂಡುಹಿಡಿದೆ. ಸೋಮವಾರ ನಮ್ಮಿಬ್ಬರದೂ ಒಪ್ಪತ್ತು. ಶಿವನ ವಾರವೆಂದು ಮಧ್ಯಾಹ್ನ ಏನೂ ಉಣ್ಣುವುದಿಲ್ಲ, ಸಂಜೆ ಪೂಜೆಯ ಮೇಲೆಯೇ ಊಟ. ಆ ಸೋಮವಾರ ಮಧ್ಯಾಹ್ನ ಕೆಂಪು ದೀಪ ಹತ್ತಲಿಲ್ಲ. ಅಕ್ಷತಾಳಿಗೆ ಫೋನು ಮಾಡಿ ಹಿಂದಿನ ವಾರದ ಸಪ್ಪಳ ತೆಗೆಸಿದರೆ, ಆ ಸೋಮವಾರ ಮಧ್ಯಾಹ್ನವೂ ಠುಕ್ ಠುಕ್ ಇಲ್ಲ! ಶಿವನ ವಾರ, ಒಪ್ಪತ್ತು ಇರುವ ಮನೆ, ಎಳೆ ಹರಿಯುವುದಿಲ್ಲ. ಇಷ್ಟು ವರ್ಷ ಉಪವಾಸ ಮಾಡಿದ್ದಕ್ಕೆ ಯಂತ್ರವೇ ಸಾಕ್ಷಿ ಹೇಳುತ್ತಿದೆ. ನಾನು ತಡಮಾಡದೆ ನೀಲವ್ವನಿಗೆ ಹೇಳಿದೆ.

“ಖರೇನ ಅಕ್ಕಾ?”

“ಕಂಪ್ಯೂಟರ್ ಸುಳ್ಳು ಹೇಳ್ತೈತೇನ?”

ಮುಂದಿನ ಸೋಮವಾರದಿಂದ ನೀಲವ್ವನೂ ಒಪ್ಪತ್ತು ಹಿಡಿದಳು. ಅವಳ ಗಂಡನಿಗೂ ಹಿಡಿಸಿದಳು, ಆ ಮನುಷ್ಯ ದಿನಕ್ಕೆ ನಾಲ್ಕು ಸಲ ಉಣ್ಣುವವನು. ಅವನು ನಮ್ಮ ಬಾಗಿಲ ಮುಂದೆ ಹಾಯುವಾಗ ನನ್ನನ್ನು ನೋಡುತ್ತಿದ್ದ ನೋಟ ಬೇಡ.

ಆದರೆ ಅವರ ಮೊದಲ ಒಪ್ಪತ್ತಿನ ಮರುದಿನ, ಮಂಗಳವಾರ, ನಗೆಯೆಲ್ಲ ನಿಂತಿತು. ಬೆಳಿಗ್ಗೆ ಹಾಸಿನ ನಡುವೆ ನಿಜವಾಗಿಯೂ ಒಂದು ಎಳೆ ಹರಿದಿತ್ತು. ದೀಪ ಹತ್ತಲಿಲ್ಲ. ದೀಪವನ್ನು ನಂಬಿದ ಯಜಮಾನರು ಮೊದಲಿನ ಹಾಗೆ ಆಗಾಗ ಬಗ್ಗಿ ನೋಡುವುದನ್ನೂ ಬಿಟ್ಟಿದ್ದರು. ಒಂದು ಮೊಳ ನೇಯ್ದ ಮೇಲೆ ಬೆಳಕಿಗೆ ಗೆರೆ ಕಂಡಿತು. ಆ ಒಂದು ಮೊಳವನ್ನು ಹೊಕ್ಕಿನ ಎಳೆ ಒಂದೊಂದೇ ಬಿಚ್ಚಿ ಹಿಂದಕ್ಕೆ ತಂದರು. ನೇಯುವವನಿಗೆ ಬಿಚ್ಚುವ ಕೆಲಸದಷ್ಟು ನೋವು ಇನ್ನೊಂದಿಲ್ಲ. ನಾನು ದಾರ ಸುತ್ತಿಕೊಳ್ಳುತ್ತ ಎದುರಿಗೆ ಕೂತಿದ್ದೆ. ಅವರು ತಲೆ ಎತ್ತದೆ ಹೇಳಿದರು:

“ಈ ಹಾಸು ಮುಗೀಲಿ. ಸಾವಕಾರ್ರು ಹೇಳೂಕಿಂತ ಮೊದ್ಲ ನಾನ ಮಗ್ಗ ತಗದು ಕುಣಿ ಮುಚ್ಚಸ್ತೇನಿ.”

“ಹಂಗ ಅನಬ್ಯಾಡ್ರಿ.”

“ಏನಂದಿ?”

ನಾನು ದಾರದ ಉಂಡೆಗೆ ಇನ್ನೊಂದು ಸುತ್ತು ಹಾಕಿದೆ.

ಅಕ್ಷತಾ ಮಧ್ಯಾಹ್ನದ ಬಸ್ಸಿಗೆ ಓಡಿ ಬಂದಳು. ಮುಖ ಸಣ್ಣದು ಮಾಡಿಕೊಂಡು ಅಡುಗೆಮನೆಯ ಕಟ್ಟೆಗೆ ಕೂತು, ಎಲ್ಲ ದಿನಗಳ ಠುಕ್ ಠುಕ್ ಒಂದರ ಕೆಳಗೊಂದು ಜೋಡಿಸಿದಳು. ಪರದೆಯ ಮೇಲೆ ದಿನಕ್ಕೊಂದು ಗೆರೆ, ಗೆರೆಯ ಮೇಲೆ ಚುಕ್ಕಿ. ನಾನು ಒಲೆಯ ಮುಂದೆ ಬೇಳೆ ತಿರುವುತ್ತಿದ್ದೆ.

“ಅತ್ತಿ, ಎಳಿ ಏನು ಗಡಿಯಾರ ನೋಡಿ ಕಡೀತೈತೇನ್ರಿ?”

“ಯಾಕ?”

“ಮುಂಜಾನಿ ನಾಷ್ಟಾ ಹೊತ್ತಿಗೊಂದು. ಮಧ್ಯಾಹ್ನ ಊಟದ ಹೊತ್ತಿಗೊಂದು. ನಾಲ್ಕಕ್ಕೊಂದು. ರಾತ್ರಿ ಊಟಕ್ಕೊಂದು. ಸೋಮವಾರ ಮಧ್ಯಾಹ್ನ...”

“ಅದು ಶಿವನ ಕೃಪಾ” ಎಂದೆ. ಬೇಳೆ ಕುದ್ದಿತ್ತು. ಸೌಟು ಎತ್ತಿ, ಅಂಟಿದ ಬೇಳೆ ಜಾರಲೆಂದು ಬೋಗುಣಿಯ ಅಂಚಿಗೆ ಬಡಿದೆ. ಠುಕ್ ಠುಕ್. ಒಂದು ಉಸಿರು. ಠುಕ್.

ಅಕ್ಷತಾಳ ಬಾಯಿಗೆ ಹೊರಟಿದ್ದ ಶೇಂಗಾ ಅಲ್ಲೇ ನಿಂತಿತು. ಗೋಡೆಯ ಆಚೆ ಲಾಳಿ ಎರಡು ಸಲ ಓಡಿತು, ಮೂರು ಸಲ ಓಡಿತು, ಮಗ್ಗ ನಿಂತಿತು. ಬಚ್ಚಲಲ್ಲಿ ನೀರಿನ ಸಪ್ಪಳ. ಯಜಮಾನರು ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ಯಾಕ ಇಬ್ರೂ ನನ್ನ ಮಾರಿ ಹಿಂಗ ನೋಡಾಕತ್ತೀರಿ?”

“ಮಾಮಾ, ಈಗ ಯಾಕ ಎದ್ದು ಬಂದ್ರಿ?” ಅಕ್ಷತಾ ಗಟ್ಟಿಯಾಗಿ ಕೇಳಿದಳು.

“ಯಾಕಂದ್ರ? ಇಕಿ ಕರದ್ಲು, ಬಂದೆ.”

“ನಾ ಎಲ್ಲಿ ಕರದೇನ್ರಿ?”

“ದಿನಾ ಕರೀತಿ. ಸೌಟ ಬಡದು.” ಇಷ್ಟು ವರ್ಷದ ಸಂಸಾರದಲ್ಲಿ ಇದನ್ನೂ ಹೇಳಬೇಕೇ ಎನ್ನುವ ಧಾಟಿ. “ಮಾತಿಗಿಂತ ಅದ ಛಲೋ ಕೇಳಸ್ತೈತಿ. ಅದಕ್ಕ ಸೌಟ ಬಡೀತಿ ಅಂತ ನಾ ತಿಳಕೊಂಡಿದ್ದೆ. ಡಬ್ಬ್ಯಾಗ ಕೇಳಿದಾಗ ಮಾತ್ರ ಅದರ ಗುರುತ ಹತ್ತಲಿಲ್ಲ.”

ನಾನು ಸೌಟು ಹಿಡಿದು ನಿಂತೇ ಇದ್ದೆ. ಗುಳೇದಗುಡ್ಡದ ಮನೆ ಕಣ್ಣ ಮುಂದೆ ಬಂತು. ಅಪ್ಪ ರವಿಕೆಯ ಖಣ ನೇಯುವ ಮಗ್ಗದಲ್ಲಿ, ಅವ್ವ ಒಲೆಯ ಮುಂದೆ. ಮಗ್ಗದ ಸದ್ದಿನಲ್ಲಿ ಕೂಗಿದರೆ ಕೇಳದು, ಅದಕ್ಕೆ ಅವ್ವ ಸೌಟು ಬಡಿದು ಕಾಯುವಳು. ಎರಡು ಸಲ ಬಡಿದು, ಮಗ್ಗ ನಿಲ್ಲುತ್ತದೆಯೋ ಎಂದು ಒಂದು ಉಸಿರು ಕಿವಿಗೊಟ್ಟು, ಮತ್ತೊಂದು ಸಲ. ಅವಳ ಹಾಗೆ ಸೌಟು ಹಿಡಿಯುವುದನ್ನು ಕಲಿತ ನಾನು ಆ ಉಸಿರನ್ನೂ ಸೇರಿಸಿಯೇ ಕಲಿತಿದ್ದೆ. ಯಾಕೆ ಬಡಿಯುತ್ತಾಳೆ ಎನ್ನುವುದನ್ನು ಮಾತ್ರ ಬಿಟ್ಟು. ನಾನು ಬೇಳೆ, ಚಹಾಪುಡಿ ಜಾಡಿಸುತ್ತಿದ್ದೇನೆ ಎಂದುಕೊಂಡಿದ್ದೆ. ಗೋಡೆಯ ಆಚೆ ಒಬ್ಬರು ಅದನ್ನು ಕರೆ ಎಂದು ತಿಳಿದು, ದಿನಾ ಎದ್ದು ಬರುತ್ತಿದ್ದರು. ಹೊಟ್ಟೆಯ ಗಡಿಯಾರ ಎಂದು ನಾನು ಓಣಿಯಲ್ಲಿ ಬೀಗುತ್ತಿದ್ದೆ!

ಅಕ್ಷತಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಒಮ್ಮೆಲೇ ಗಂಭೀರಳಾಗಿ ಹೇಳಿದಳು, “ತಪ್ಪು ನಂದು. ಮಗ್ಗ ನಿಂತಿದ್ದು ಕಂಡೆ, ಮಾಮಾ ಎದ್ದು ಎಲ್ಲಿ ಹೋಗ್ತಾರ ಅಂತ ನೋಡ್ಲಿಲ್ಲ.” ಮಾಮನ ಕಿವಿ ಮಂದ ಸಪ್ಪಳವನ್ನು ಉಳಿಸಿಕೊಂಡಿದೆ, ಚುರುಕಾದ ಸಣ್ಣ ಸಪ್ಪಳ ಮಾತ್ರ ಹೋಗಿದೆ, ಎಳೆಯದು ಅಂಥ ಸಪ್ಪಳ ಎಂದು ಬಿಡಿಸಿ ಹೇಳಿದಳು. ಜೋರಿನ ತುಣುಕುಗಳನ್ನೆಲ್ಲ ತೆಗೆದ ಮೇಲೆ ಹಿಂದೆ ಏನು ನಿಂತಿದೆ ಎಂದು ಮತ್ತೆ ಹುಡುಕಬೇಕು, ಅಜ್ಜಿಯ ಕರಿಬೇವಿನ ಹಾಗೆ. “ಮತ್ತೊಂದು ವಾರ ಸಪ್ಪಳ ತುಂಬಸ್ತೇನಿ. ಅತ್ತಿ, ಆ ವಾರ ದಯಮಾಡಿ ಸೌಟ ಬಡೀಬ್ಯಾಡ್ರಿ.”

ಅದೊಂದು ವಾರ ನಾನು ಪಟ್ಟ ಕಷ್ಟ ಶಿವನಿಗೇ ಗೊತ್ತು. ಕೈ ತಾನಾಗಿ ಬೋಗುಣಿಯ ಅಂಚಿಗೆ ಹೋಗುತ್ತಿತ್ತು. ಎಡಗೈಯಿಂದ ಬಲಗೈ ಹಿಡಿದೆ. ಸೌಟಿಗೆ ಬಟ್ಟೆ ಸುತ್ತಿದೆ, ಬಟ್ಟೆಗೆಲ್ಲ ಬೇಳೆ ಅಂಟಿತು. ಮೊದಲ ದಿನ ಸಾರು ಇಳಿಸಿ, ತಾಟು ಹಾಕಿ ಕೂತರೆ ಯಜಮಾನರು ಬರಲೇ ಇಲ್ಲ. ರೊಟ್ಟಿ ಆರಿತು. ನಡುಮನೆ ಸುತ್ತಿ ಪಡಸಾಲೆಗೆ ಹೋದೆ. ಅವರು ಹಸಿದ ಮುಖದಲ್ಲೇ ನೇಯುತ್ತಿದ್ದರು.

“ಊಟಕ್ಕ ಏಳ್ರಿ” ಎಂದೆ.

“ಏನಂದಿ?”

“ಊಟಕ್ಕ! ಏಳ್ರಿ!”

ನೀಲವ್ವ ತನ್ನ ಮನೆಯಿಂದ ಕೂಗಿದಳು, “ಯಾಕ ಅಕ್ಕಾ, ಗಡಿಯಾರ ಬಂದ್ ಬಿತ್ತೇನ?”

ಅವಳಿಗೆ ಎಲ್ಲ ಹೇಳಲೇಬೇಕಾಯಿತು. ಒಪ್ಪತ್ತಿನ ಸಂಗತಿಯೂ ಹೊರಬಿತ್ತು. ಅವಳ ಗಂಡ ಅಂದು ಒಂದೇ ಮಧ್ಯಾಹ್ನ ಎರಡು ಸಲ ಉಂಡನಂತೆ. ನೀಲವ್ವ ಮಾತ್ರ ಸೋಮವಾರ ಬಿಟ್ಟಿಲ್ಲ. “ಎಳಿ ಹರದ್ರ ಹರೀಲಿ ಅಕ್ಕಾ, ಮನಸ್ಸು ಹಗುರಾಗೇತಿ” ಎನ್ನುತ್ತಾಳೆ. ನಾನೂ ಬಿಟ್ಟಿಲ್ಲ. ನನ್ನ ಲೆಕ್ಕ ತಪ್ಪಿತು ನಿಜ. ಲೆಕ್ಕ ತಪ್ಪಿದವಳು ನಾನು, ಶಿವನಲ್ಲ.

ವಾರದ ಕಡೆಗೆ ಅಕ್ಷತಾ ಬಂದು ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂತಳು. ತುಳಿತ ತೆಗೆದಳು, ಲಾಳಿ ತೆಗೆದಳು, ಹಣಿಗೆಯ ಬಡಿತ ತೆಗೆದಳು. ತೆಗೆದ ಮೇಲೆ ಉಳಿದದ್ದು ಮಳೆ ನಿಂತ ಮೇಲಿನ ಹನಿಯಂಥ ಸದ್ದು. ಅದರೊಳಗಿಂದ ಒಂದು ತುಣುಕು ಮೆಲ್ಲಗೆ ರೂಪ ತಾಳಿತು. ‘ಚಟ್.’ ಸಾಸಿವೆ ಸಿಡಿದದ್ದಕ್ಕಿಂತಲೂ ಸಣ್ಣದು. ಈ ಸಲ ಯಾರ ಮಾತನ್ನೂ, ನನ್ನ ಸಾಕ್ಷಿಯನ್ನೂ ನಂಬದೆ, ಯಜಮಾನರ ಪಕ್ಕ ದಿನವಿಡೀ ಕೂತು, ಅದು ಬಂದಾಗಲೆಲ್ಲ ಎಳೆ ಹರಿದಿದೆಯೋ ಎಂದು ಕಣ್ಣಾರೆ ನೋಡಿದಳು. ಹರಿದಿತ್ತು. ಕೆಂಪು ದೀಪ ಹತ್ತಿತು. ಯಜಮಾನರು ಬಗ್ಗಿ, ಎಳೆ ಹಿಡಿದು, ಗಂಟು ಹಾಕಿದರು. ಗಂಟು ಹಾಕಿದ ಬೆರಳನ್ನು ಒಂದು ಗಳಿಗೆ ಅಲ್ಲೇ ಇಟ್ಟುಕೊಂಡಿದ್ದರು.

ಆ ಸೀರೆ ಮುಗಿದಾಗ ಸಾವಕಾರರೇ ಬಂದರು. ಸೆರಗಿನಿಂದ ಸುರು ಮಾಡಿ ಬೆಳಕಿಗೆ ಹಿಡಿದು, ಒಡಲನ್ನೆಲ್ಲ ಅಂಗೈಯಿಂದ ಸವರುತ್ತ ಬಂದರು. ನಾನು ಗೂಡಿನ ಮುಂದೆ ನಿಂತು ಬೆರಳು ಮಡಚಿ ಹಿಡಿದಿದ್ದೆ. ಅವರು ಸೀರೆಯನ್ನು ಮಡಿಕೆ ಮಾಡಿ ಮಗ್ಗುಲಿಗಿಟ್ಟುಕೊಂಡು, “ಚಾ ಬರ್ಲಿ ಅಕ್ಕಾರ. ಮುಂದಿನ ಹಾಸು ಯಾವ ಬಣ್ಣ ಅಂತ ಮಾತಾಡೂಣು” ಎಂದರು. ಆ ಸಲ ಚಹಾ ಆರಿಸಲಿಲ್ಲ, ಬಿಸಿಬಿಸಿ ಕುಡಿದರು.

ಅಕ್ಷತಾ ಊರಿಗೆ ಹೊರಡುವ ಮೊದಲು ಕೆಂಪು ದೀಪದ ಪಕ್ಕ ಇನ್ನೊಂದು ದೀಪ ಕೂಡಿಸಿದಳು. ಹಸಿರಿನದು. “ಐದನೇ ತುಣುಕನ್ನ ನಾ ತಗದಿಲ್ರಿ ಮಾಮಾ. ಡಿಕ್ಷನರಿ ಒಳಗ ಐತಿ. ಎಳಿಗೆ ಕೆಂಪು, ಅತ್ತಿ ಸೌಟಿಗೆ ಹಸಿರು. ಅತ್ತಿ ಕರದ್ರ ಇದು ಹತ್ತತೈತಿ” ಎಂದಳು.

ಯಜಮಾನರು ಅದನ್ನು ಎರಡು ಬೆರಳಲ್ಲಿ ಹಿಡಿದು, ತಂತಿಸಹಿತ ಮೆಲ್ಲಗೆ ಕಿತ್ತು ಅವಳ ಅಂಗೈಯಲ್ಲಿಟ್ಟರು.

“ಇದು ಬ್ಯಾಡವಾ. ಇದು ನನಗ ಕೇಳಸ್ತೈತಿ.”

ಅಕ್ಷತಾ ಅದನ್ನು ಒಯ್ಯಲಿಲ್ಲ, ನನ್ನ ಕೈಗೆ ಕೊಟ್ಟಳು. ನಾನು ಗೂಡಿನಲ್ಲಿ ಇಟ್ಟೆ. ಎಷ್ಟೋ ದೀಪ ಹಚ್ಚಿದ್ದೇನೆ ಆ ಗೂಡಿನಲ್ಲಿ. ಇದೊಂದು ಹತ್ತದೆ ಇರಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ.

ಈಗ ಇದನ್ನು ಬರೆಯುತ್ತ ಕೂತಲ್ಲಿ ಬೇಳೆ ಕುದಿಯುತ್ತಿದೆ. ಗೋಡೆಯ ಆಚೆ ಧಡ್, ಸರ್ರ್, ಧಪ್. ಏಳಬೇಕು. ಬೋಗುಣಿಯ ಅಂಚಿಗೆ ಎರಡು ಸಲ ಬಡಿದು, ಒಂದು ಉಸಿರು ಕಿವಿಗೊಡಬೇಕು. ಮಗ್ಗ ನಿಂತರೂ ಮೂರನೆಯದನ್ನು ಬಡಿಯುತ್ತೇನೆ.